ನಾಗರಾಜ ಎರಡನೇ ಸಲ ಹಳ್ಳ ದಾಟಿದ್ದು ಯಾಕೆ

ನಾನು ಸುಳ್ಳು ಹೇಳಿಕೆ ಬರೆದುಕೊಟ್ಟೆ. ಸೈನ್ಯದ ಕಾಗದದ ಮೇಲೆ, ನನ್ನ ನಂಬರು, ಹೆಸರು, ಸಹಿ ಸಮೇತ. 'ಹೊಗೆ ದಟ್ಟವಾಗಿತ್ತು, ನನ್ನನ್ನು ಹೊತ್ತು ತಂದವರು ಯಾರೆಂದು ಗುರುತಿಸಲಾಗಲಿಲ್ಲ' – ಇಷ್ಟೇ ಬರೆದದ್ದು. ಹೊಗೆ ಇರಲಿಲ್ಲ. ಬೆಳಗಿನ ಬಿಸಿಲು ಇತ್ತು. ನನ್ನನ್ನು ಹೆಗಲ ಮೇಲೆ ಹಾಕಿಕೊಂಡವನ ಕಿವಿಯ ಹಿಂದಿನ ಮಚ್ಚೆ ಕೂಡ ನನಗೆ ಕಾಣುತ್ತಿತ್ತು.

ಅವನು ಐರಣಿಯ ನಾಗರಾಜ. ನಾನು ಮೋಟೆಬೆನ್ನೂರಿನ ಮಂಜುನಾಥ. ಒಂದೇ ದಿನ ಭರ್ತಿಯಾದವರು, ಒಂದೇ ಕಂಪನಿಗೆ ಹೋದವರು. ರಜೆಗೆ ಬರುವಾಗ ಒಂದೇ ರೈಲಿನಲ್ಲಿ ಬಂದು, ನಾನು ಬ್ಯಾಡಗಿಯಲ್ಲಿ ಇಳಿದರೆ ಅವನು ರಾಣೇಬೆನ್ನೂರಿನಲ್ಲಿ ಇಳಿಯುತ್ತಿದ್ದ. ಈಗ ನಾನು ರಾಣೇಬೆನ್ನೂರಿನಲ್ಲಿ ಸೈನ್ಯಕ್ಕೆ ಸೇರಬಯಸುವವರಿಗೆ ತರಬೇತಿ ಕೊಡುತ್ತೇನೆ. ಬೋರ್ಡಿನ ಮೇಲೆ ಸಮವಸ್ತ್ರದಲ್ಲಿರುವ ನನ್ನ ಫೋಟೊ ಇದೆ. ಆಗಸ್ಟ್ ಹದಿನೈದಕ್ಕೆ ಯಾವುದಾದರೂ ಶಾಲೆಯವರು ಕರೆಯುತ್ತಾರೆ, ಶಾಲು ಹೊದಿಸುತ್ತಾರೆ, 'ಗುಂಡು ತಿಂದ ವೀರ' ಎನ್ನುತ್ತಾರೆ. ಗುಂಡು ಎಲ್ಲಿಂದ ತಿಂದೆ ಎಂದು ಇಲ್ಲಿಯವರೆಗೆ ಒಬ್ಬನೂ ಕೇಳಿಲ್ಲ. ತೊಡೆಯ ಹಿಂಬದಿಯಿಂದ ಹೊಕ್ಕದ್ದು ಅದು. ಓಡುವವನಿಗೆ ಬೀಳುವುದು ಹಿಂದಿನಿಂದಲೇ.

ಆ ದಿನ ನಡೆದದ್ದನ್ನು ನೇರವಾಗಿ ಹೇಳುತ್ತೇನೆ, ಸುತ್ತಿ ಬಳಸಿ ಹೇಳಿ ಹೇಳಿ ನನಗೇ ಸಾಕಾಗಿದೆ. ಗಡಿಯ ಗುಡ್ಡದಲ್ಲಿ ನಮ್ಮ ತುಕಡಿ ಗಸ್ತಿನಲ್ಲಿದ್ದಾಗ ಮೇಲಿನಿಂದ ಗುಂಡು ಹಾರಿಸಲು ಶುರು ಮಾಡಿದರು. ನಮ್ಮವರು ಹಳ್ಳದ ಈಚೆ ಬಂಡೆಗಳ ಮರೆಗೆ ಹೋದರು. ನಾನೊಬ್ಬ ಆಚೆ ದಡದಲ್ಲಿದ್ದೆ. ಅಲ್ಲೇ ಕೂತು ಗುಂಡು ಹಾರಿಸುತ್ತಿರು ಎಂದು ಕ್ಯಾಪ್ಟನ್ ಕೂಗಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕೂರಲಿಲ್ಲ. ರೈಫಲ್ ಬಿಸಾಕಿ ನೀರಿನ ಕಡೆ ಓಡಿದೆ. ನಾಲ್ಕು ಹೆಜ್ಜೆ ಹಾಕಿರಬೇಕು, ಕಾಲು ಕುಸಿಯಿತು.

ನಾಗರಾಜ ಬಂಡೆಯ ಹಿಂದೆ ಸುರಕ್ಷಿತವಾಗಿದ್ದ. ಯಾರೂ ಅವನಿಗೆ ಹೋಗು ಎನ್ನಲಿಲ್ಲ. ಎದೆಮಟ್ಟದ ನೀರು, ಮಂಜು ಕರಗಿ ಬಂದದ್ದು. ಹೊಳೆದಂಡೆಯಲ್ಲಿ ಬೆಳೆದವನು ಅವನು – ದಾಟಿ ಬಂದ, ನನ್ನನ್ನು ಹೊತ್ತುಕೊಂಡ, ದಾಟಿಸಿ ಬಂಡೆಯ ಮರೆಗೆ ಮಲಗಿಸಿದ. ಮಲಗಿಸಿ ನನ್ನ ಕೈ ನೋಡಿದ. 'ರೈಫಲ್ ಎಲ್ಲೈತಲೇ?' ಎಂದ. ನಾನು ಆಚೆ ದಡದ ಕಡೆ ನೋಡಿದೆ. ಆಯುಧ ಬಿಟ್ಟು ಓಡಿದ ಸಿಪಾಯಿಗೆ ಏನಾಗುತ್ತದೆ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದೇ ಗುಂಡಿನ ಮಳೆಯಲ್ಲಿ ಮತ್ತೆ ಹಳ್ಳಕ್ಕಿಳಿದ. ನನ್ನ ರೈಫಲ್ ತಂದು ನನ್ನ ಪಕ್ಕದಲ್ಲಿಟ್ಟ.

ಯಾರೋ ಒಬ್ಬ ಎರಡು ಸಲ ಹಳ್ಳ ದಾಟಿದ್ದನ್ನು ಕ್ಯಾಪ್ಟನ್ ದೂರದಿಂದ ಕಂಡಿದ್ದರು, ಮುಖ ಕಂಡಿರಲಿಲ್ಲ. ಉಳಿದವರ ಕಣ್ಣು ಗುಡ್ಡದ ಮೇಲಿತ್ತು. ಯಾರು ಎಂದು ಕೇಳಿದಾಗ ನಾಗರಾಜ ನಾನೇ ಎಂದ, ಶೌರ್ಯ ಪದಕಕ್ಕೆ ಅವನ ಹೆಸರು ಶಿಫಾರಸಾಯಿತು. ಆದರೆ ತನ್ನ ಬಗ್ಗೆ ತಾನೇ ಹೇಳಿದ್ದು ಸಾಕ್ಷಿಯಾಗುವುದಿಲ್ಲ, ಕಣ್ಣಾರೆ ಕಂಡವನು ಬೇಕು. ಇದ್ದವನು ನಾನೊಬ್ಬನೇ. ಆಸ್ಪತ್ರೆಯ ಮಂಚದ ಮೇಲೆ ಕಾಗದ, ಪೆನ್ನು ತಂದುಕೊಟ್ಟರು. ಅವನೇ ಎಂದು ಬರೆದರೆ ಎರಡನೇ ಸಲ ಯಾಕೆ ಹೋದ ಎಂದು ಕೇಳುತ್ತಾರೆ. ಅದನ್ನು ಬರೆದರೆ – ನಾನು ಬರೆಯಲಿಲ್ಲ. ಹೊಗೆ ಎಂದೆ. ಪ್ರಜ್ಞೆ ತಪ್ಪಿತ್ತು ಎಂದರೂ ಆಗುತ್ತಿತ್ತು, ಅದಾದರೂ ಅರ್ಧ ಮರ್ಯಾದೆಯ ಸುಳ್ಳು. ನನಗೆ ಅದೂ ಹೊಳೆಯಲಿಲ್ಲ.

ಇಲ್ಲಿ ನಮ್ಮ ಜನರ ಮೇಲೂ ನನಗೆ ಸಿಟ್ಟಿದೆ, ಅದನ್ನೂ ಹೇಳಿಬಿಡುತ್ತೇನೆ. ಶಿಫಾರಸು ಹೋಗಿದೆ ಎಂಬ ಸುದ್ದಿ ಹಾವೇರಿ ಮುಟ್ಟುವಷ್ಟರಲ್ಲಿ ಪದಕ ಬಂದಿದೆ ಎಂದಾಗಿತ್ತು. ಹಲಗೇರಿಯಲ್ಲೊಂದು ಫ್ಲೆಕ್ಸ್, ಐರಣಿಯಲ್ಲಿ ನಾಲ್ಕು. ನಾಗರಾಜ ರಜೆಗೆ ಬಂದವನೇ ತೆರೆದ ಜೀಪಿನ ಮೇಲೆ ನಿಂತಿದ್ದ, ಕೊರಳಲ್ಲಿ ಏಲಕ್ಕಿ ಹಾರ, ಮುಂದೆ ಡೊಳ್ಳು. 'ಇನ್ನೂ ಮಂಜೂರಾಗಿಲ್ರಿ, ಬರೇ ಹೆಸರು ಕಳಿಸ್ಯಾರ' ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಯಾರಿಗೆ ಬೇಕಾಗಿತ್ತು ಆ ಮಾತು? 'ಆಗ್ತೈತಿ ಬಿಡ್ರಿ' ಎಂದು ಇನ್ನೊಂದು ಹಾರ ಹಾಕಿದರು. ಜೀಪಿನ ಮೇಲೆ ಅವನ ಪಕ್ಕದಲ್ಲಿ ನಾನೂ ಊರುಗೋಲು ಹಿಡಿದು ನಿಂತಿದ್ದೆ. ಹೇಳಿಕೆಗೆ ಸಹಿ ಹಾಕಿ ಆಗಲೇ ಎರಡು ತಿಂಗಳಾಗಿತ್ತು. ಜನರನ್ನು ಬೈಯುವ ಯೋಗ್ಯತೆ ನನಗಿಲ್ಲ, ಆದರೂ ಬೈಯುತ್ತೇನೆ.

ಪದಕದ ಪಟ್ಟಿ ವರ್ಷಕ್ಕೆರಡು ಸಲ ಬರುತ್ತದೆ, ಜನವರಿಯಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ. ಮೊದಲ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಮೂರನೆಯದು ಬರುವಷ್ಟರಲ್ಲಿ ಹಾರ ಹಾಕಿದವರೇ ಅವನಿಗೆ 'ಮೆಡಲ್ ನಾಗ್ಯಾ' ಎಂದು ಹೆಸರಿಟ್ಟಿದ್ದರು. ಬಸ್ ನಿಲ್ದಾಣದಲ್ಲಿ, ಕಟಿಂಗ್ ಅಂಗಡಿಯಲ್ಲಿ, ಅವನ ಹೆಂಡತಿ ರೇಣುಕಾ ನೀರು ತರುವ ನಲ್ಲಿಯ ಹತ್ತಿರ – ಮೆಡಲ್, ಮೆಡಲ್. ಗುಂಡು ಹಾರುವಾಗ ಒಮ್ಮೆ ದಾಟುವುದೇ ಕಷ್ಟ, ಎರಡು ಸಲ ಯಾಕೆ ದಾಟಿದೆ ಎಂದು ನಗುತ್ತಿದ್ದರು. ಅವನು 'ದಾಟೇನಿ' ಎನ್ನುತ್ತಿದ್ದ, ಯಾಕೆ ಎಂದು ಹೇಳುತ್ತಿರಲಿಲ್ಲ. ಹೇಳಿದ್ದರೆ ನನ್ನ ಮಾನ ಹೋಗುತ್ತಿತ್ತು. ಹೇಳದೆ ತನ್ನದನ್ನು ಕಳೆದುಕೊಂಡ. ಆ ಒಳ್ಳೆಯತನ ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ಸಲ ಕೂಗಾಡಿದ್ದರೆ, ಮೋಟೆಬೆನ್ನೂರಿಗೆ ಬಂದು ನನ್ನ ಕೊರಳಪಟ್ಟಿ ಹಿಡಿದಿದ್ದರೆ – ಆದರೆ ಯಾಕೆ ಹಿಡಿಯುತ್ತಾನೆ? ನಾನು ಒಳ್ಳೆಯ ಹೇಳಿಕೆ ಕೊಟ್ಟಿದ್ದೇನೆ ಎಂದೇ ಅವನು ತಿಳಿದಿದ್ದ.

ರೇಣುಕಾ ಪ್ರತಿ ಪಟ್ಟಿಗೂ ಫೋನ್ ಮಾಡುತ್ತಿದ್ದಳು. 'ಈ ಸಲರೆ ಐತೇನ್ರಿ ಅಣ್ಣಾರ?' ನಾನು 'ಫೈಲ್ ದಿಲ್ಲಿಯೊಳಗ ಐತಿ ತಂಗೆವ್ವ, ಇನ್ನೂ ಮಂಜೂರಿ ಆಗಿಲ್ಲ' ಎನ್ನುತ್ತಿದ್ದೆ. ಆ ಫೈಲನ್ನು ಯಾವ ಕಾಗದ ತಡೆದು ನಿಲ್ಲಿಸಿದೆ ಎಂದು ಗೊತ್ತಿದ್ದವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಾಗರಾಜನ ಅಪ್ಪ ದುರಗಪ್ಪ ತುಂಗಭದ್ರೆಯಲ್ಲಿ ತೆಪ್ಪ ಹಾಕಿ ಮೀನು ಹಿಡಿಯುತ್ತಿದ್ದವರು. ಮಾತು ಕಡಿಮೆ, ಆದರೆ ಸುಳ್ಳನ್ನು ಕಂಡರೆ ಆಗದ ಮನುಷ್ಯ. ಒಂದು ಮಧ್ಯಾಹ್ನ ಒಬ್ಬರೇ ಬಸ್ಸು ಹತ್ತಿ ರಾಣೇಬೆನ್ನೂರಿಗೆ ಬಂದು ನನ್ನ ಮೈದಾನದ ಬೇಲಿಯ ಹತ್ತಿರ ನಿಂತರು. ಕೂತುಕೊಳ್ಳಿ ಎಂದರೆ ಕೂರಲಿಲ್ಲ.

'ತಮ್ಮಾ, ಅವತ್ತ ನೀ ಅಲ್ಲೇ ಇದ್ದಾಂವ. ನಮ್ಮ ನಾಗ್ಯಾ ಹೇಳೂದು ಖರೇ ಐತೇನು? ಎರಡನೇ ಸಲ ಯಾಕ ಹೋಗಿದ್ದಿ ಅಂದ್ರ ಬಾಯಿ ಬಿಡವಲ್ಲ.'

ಅಲ್ಲಿ ಕಾಗದವಿರಲಿಲ್ಲ, ಸಹಿ ಇರಲಿಲ್ಲ, ಅಧಿಕಾರಿ ಇರಲಿಲ್ಲ. ಒಬ್ಬ ಅಪ್ಪ ಇದ್ದರು. ಅವರೊಬ್ಬರಿಗೆ ಹೇಳಿ, ಯಾರಿಗೂ ಹೇಳಬೇಡಿ ಎಂದಿದ್ದರೆ ಸಾಯುವವರೆಗೂ ಹೇಳುತ್ತಿರಲಿಲ್ಲ. ನಾನು ಏನೆಂದೆ ಗೊತ್ತೇ?

'ಹೊಗಿ ಭಾಳ ಇತ್ತರಿ ಕಾಕಾ. ನನಗ ಯಾರೂ ಕಾಣಲಿಲ್ಲ.'

ಅವರು ತಲೆಯಾಡಿಸಿ ಹೊರಟುಹೋದರು. ಚಹಾ ಕೂಡ ಕುಡಿಯಲಿಲ್ಲ. ಆಮೇಲೆ ಮಗನ ಜೊತೆ ಮಾತು ಬಿಟ್ಟರು. ನಾಗರಾಜ ಆಗಲೇ ಸೈನ್ಯ ಬಿಟ್ಟು ಊರಿಗೆ ಬಂದಿದ್ದ. ಒಂದೇ ಮನೆ, ಒಂದೇ ಒಲೆ. ಏನಾದರೂ ಬೇಕಾದರೆ ಸೊಸೆಗೆ ಹೇಳುತ್ತಿದ್ದರು. ಹೋದ ವರ್ಷ ತೀರಿಕೊಂಡರು. ನಾನು ಮಣ್ಣಿಗೆ ಹೋಗಿದ್ದೆ. ಎಲ್ಲ ಮುಗಿದ ಮೇಲೆ ನಾಗರಾಜ ಹೊಳೆಯ ಕಡೆ ಮುಖ ಮಾಡಿ ನಿಂತಿದ್ದವನು, ಯಾರಿಗೋ ಎಂಬಂತೆ, 'ಮಾತಾಡದನ ಹೋದನಲೇ' ಎಂದ. ನಾನು ಅವನ ಬೆನ್ನು ಸವರಿದೆ. ಹೌದು, ಈ ಕೈಯಿಂದಲೇ.

ಕೆಲವು ತಿಂಗಳ ನಂತರ ರೇಣುಕಾ ಸೈನ್ಯದ ಕಚೇರಿಗೆ ಹಾಕಿದ್ದ ಅರ್ಜಿಯ ಮೇಲೆ ಮರುಪರಿಶೀಲನೆಗೆ ಒಪ್ಪಿ, ಕಂಡದ್ದನ್ನು ಮತ್ತೊಮ್ಮೆ ಬರೆದು ಕಳಿಸಿ ಎಂದು ನನಗೆ ಪತ್ರ ಬಂತು. ಈ ಸಲ ನಿಜ ಬರೆದೆ. ಎಲ್ಲವನ್ನೂ – ಓಡಿದ್ದು, ರೈಫಲ್, ಎರಡನೇ ಸಲ. ಧೈರ್ಯ ಬಂತು ಎಂದು ತಿಳಿಯಬೇಡಿ. ಸೈನ್ಯದ ಕೆಲಸ ಬಿಟ್ಟು ಬಂದು ವರ್ಷಗಳಾಗಿವೆ, ಈಗ ನನ್ನನ್ನು ಯಾರೂ ಏನೂ ಮಾಡುವುದಿಲ್ಲ ಎಂದು ಲೆಕ್ಕ ಹಾಕಿಯೇ ಬರೆದದ್ದು.

ಅಂಚೆಗೆ ಹಾಕಿ ನೆಟ್ಟಗೆ ಬ್ಯಾಡಗಿಗೆ ಹೋದೆ. ಅಲ್ಲಿ ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜಿನ ಗೇಟಿನಲ್ಲಿ ನಾಗರಾಜ ವಾಚ್‌ಮನ್. ಲಾರಿಯಿಂದ ಚೀಲ ಇಳಿಸುತ್ತಿದ್ದರು, ಘಾಟಿಗೆ ನನಗೆ ಕೆಮ್ಮು ನಿಲ್ಲಲಿಲ್ಲ. ಅವನೇ ನೀರು ಕೊಟ್ಟ. ಕುಡಿದು, ನಿಂತುಕೊಂಡೇ ಎಲ್ಲ ಹೇಳಿದೆ. ಹೇಳಿಕೆಯ ಮಾತಿಗೆ ಅವನ ಮುಖ ಬದಲಾಗಲಿಲ್ಲ. ಅಪ್ಪನ ಮಾತು ಬಂದಾಗ ಕುರ್ಚಿಯಿಂದ ಎದ್ದ.

'ಅಪ್ಪ ನಿನ್ನ ಹತ್ರ ಬಂದಿದ್ನಾ?'

'ಬಂದಿದ್ರು.'

'ಬಂದು ಕೇಳಿದ್ನಾ?'

ನಾನು ಹೌದೆಂದು ತಲೆಯಾಡಿಸಿದೆ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ಸಾಕಾಗಿತ್ತು. ಅವನು ಗೇಟಿನ ಸರಳು ಹಿಡಿದುಕೊಂಡ. ಆಮೇಲೆ ನಾನು ಇಪ್ಪತ್ತು ವರ್ಷದಲ್ಲಿ ಅವನ ಬಾಯಿಂದ ಕೇಳದ ದನಿಯಲ್ಲಿ ಹೇಳಿದ. 'ನನ್ನ ಮುಂದ ಯಾಕ ಹೇಳ್ತಿ? ನಾ ಏನ್ ಮಾಡೇನಿ ಅನ್ನೂದು ನನಗ ಗೊತ್ತಿಲ್ಲೇನು? ಗೊತ್ತಿಲ್ದವರ ಮುಂದ ಹೇಳು, ಹೋಗು. ಇನ್ನೊಮ್ಮೆ ಇಲ್ಲಿ ಬರಬ್ಯಾಡ.'

ಹೋದೆ. ಮುಂದಿನ ಸೋಮವಾರ ಐರಣಿಯ ಚಹಾ ಅಂಗಡಿಯ ಮುಂದೆ, ಹತ್ತು ಹನ್ನೆರಡು ಜನರೆದುರು, ಒಂದೂ ಬಿಡದೆ ಹೇಳಿದೆ. ಎಲ್ಲರೂ ಕೇಳಿದರು. ಕೇಳಿ ಮುಗಿದ ಮೇಲೆ ಒಬ್ಬ ಹಿರಿಯರು ನನ್ನ ಕೈ ಹಿಡಿದು, 'ದೊಡ್ಡ ಮನಸ್ಸ್ರಿ ಸರ ನಿಮ್ದು. ಗೆಳ್ಯಾನ ಮಾನ ಉಳಸಾಕ ತಪ್ಪು ನಿಮ್ಮ ಮ್ಯಾಲ ಹಾಕ್ಕೊಂಡ್ರಿ' ಎಂದರು. ಇನ್ನೊಬ್ಬ, 'ಮೆಡಲ್‌ಗೆ ಇಂಥಾ ದೋಸ್ತ ಸಿಕ್ಕಾನ ನೋಡ್ರಿ' ಎಂದು ನಕ್ಕ. ನಾನು ಕೂಗಾಡಿದೆ. ಕೂಗಾಡಿದಷ್ಟೂ ನನ್ನ ಮೇಲಿನ ಅಭಿಮಾನ ಹೆಚ್ಚಾಯಿತು. ಯಾರೋ ಶಾಲು ತರಲು ಹೊರಟಿದ್ದ, ಅವನನ್ನು ಬೈದು ನಿಲ್ಲಿಸಿದೆ.

ನಿಜವನ್ನು ಇಷ್ಟು ತಡವಾಗಿ ತಂದರೆ ಅದಕ್ಕೆ ಯಾವ ಬೆಲೆ ಸಿಗುತ್ತದೆ ಎಂದು ಆ ದಿನ ತಿಳಿಯಿತು. ಕಚೇರಿಯಿಂದಲೂ ಉತ್ತರ ಬಂದಿದೆ – ಒಬ್ಬನೇ ಸಾಕ್ಷಿಯ ಎರಡು ಹೇಳಿಕೆಗಳು ಒಂದಕ್ಕೊಂದು ವಿರುದ್ಧವಾಗಿವೆ, ವಿಷಯ ಪರಿಶೀಲನೆಯಲ್ಲಿದೆ. ಅವರ ತಪ್ಪೇನೂ ಇಲ್ಲ. ಒಮ್ಮೆ ಸುಳ್ಳು ಹೇಳಿದವನು ಎರಡನೇ ಸಲ ನಿಜ ಹೇಳುತ್ತಾನೆ ಎಂದು ಯಾರಾದರೂ ಯಾಕೆ ನಂಬಬೇಕು?

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗೊತ್ತಿಲ್ಲದವರೆಂದರೆ ನೀವು. ನನ್ನ ಹತ್ತಿರ ಓಡುವುದನ್ನು ಕಲಿತು ಸೈನ್ಯಕ್ಕೆ ಹೋದವರು, ಶಾಲೆಗಳಲ್ಲಿ ನನಗೆ ಚಪ್ಪಾಳೆ ಹೊಡೆದವರು, ಐರಣಿಯ ಚಹಾ ಅಂಗಡಿಯವರು. ನನ್ನ ಎರಡು ಹೇಳಿಕೆಗಳಲ್ಲಿ ಯಾವುದು ನಿಜ ಎಂದು ತಲೆ ಕೆಡಿಸಿಕೊಳ್ಳಬೇಡಿ. ಎರಡನ್ನೂ ಬಿಟ್ಟುಬಿಡಿ. ನಾಗರಾಜ ಮೊದಲ ದಿನ ಹೇಳಿದ್ದನ್ನೇ ಇವತ್ತೂ ಹೇಳುತ್ತಾನೆ, ಕ್ಯಾಪ್ಟನ್‌ಗೂ ಅದನ್ನೇ, ನಗುವವರಿಗೂ ಅದನ್ನೇ, ಅಪ್ಪನಿಗೂ ಅದನ್ನೇ. ಅವನನ್ನು ನಂಬಿ. ದುರಗಪ್ಪ ಕಾಕಾ ನಂಬಲು ತಯಾರಿದ್ದರು, ಕೇಳಿಕೊಂಡು ನನ್ನ ಬಾಗಿಲಿಗೇ ಬಂದಿದ್ದರು.

ಬರುವ ಸೋಮವಾರ ಮತ್ತೆ ಐರಣಿಗೆ ಹೋಗುತ್ತೇನೆ. ಅವರು ನನ್ನನ್ನು ಹೊಗಳುವುದು ನಿಲ್ಲಿಸುವವರೆಗೆ ಹೋಗುತ್ತಿರುತ್ತೇನೆ.