ಚೆಂಡು ಕುಟ್ಟಿದರೆ ಹಾಲು

ಕಾಫಿಗೆ ಹಾಲು ತರಲು ಚೊಂಬು ಹಿಡಿದು ಹೋದ ನನ್ನ ಕೈಗೆ ಪಕ್ಕದ ಮನೆಯ ಮುನಿಯಮ್ಮ ಬ್ಯಾಸ್ಕೆಟ್‌ಬಾಲ್ ಕೊಟ್ಟರು. “ಅಸು ಪಕ್ಕ ನಿಂತು ಇದನ್ನ ನೆಲಕ್ಕೆ ಕುಟ್ಟಣ್ಣಾ. ಇಲ್ಲಾಂದ್ರೆ ಅದು ಆಲು ಬಿಡಲ್ಲ!”

ಅವರ ಮೊಮ್ಮಗಳು ಆಶಾ. ತಾಯಿ ನಮ್ಮ ಕಾಮಸಮುದ್ರದವಳು, ತಂದೆ ಕೀನ್ಯಾದವರು. ಆರಡಿ ಎತ್ತರದ ಈ ಹುಡುಗಿ ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಕೊಟ್ಟಿಗೆಯ ಮುಂದೆ ಚೆಂಡು ಕುಟ್ಟುತ್ತ, ಅಪ್ಪ ಕಲಿಸಿದ ಸ್ವಾಹಿಲಿಯಲ್ಲಿ ಎಣಿಸುತ್ತಿದ್ದಳು. ಅದನ್ನೇ ಕೇಳಿ ರೂಢಿಯಾಗಿದ್ದ ಹಸು, ಅವಳು ರಾಜ್ಯ ತಂಡದ ಶಿಬಿರಕ್ಕೆ ಹೋದ ಮರುದಿನದಿಂದಲೇ ಒದೆಯತೊಡಗಿತ್ತು. ಇವತ್ತೂ ಹಾಲು ಬಿಡದಿದ್ದರೆ ಹುಡುಗಿಯನ್ನು ವಾಪಸು ಕರೆಸುವುದೆಂದು ಮುನಿಯಮ್ಮ ತೀರ್ಮಾನಿಸಿದ್ದರು.

ಮಂಡಿನೋವು ಮರೆತು ಕುಟ್ಟಿದೆ. “ಒಂದು, ಎರಡು” ಎಂದೆ. ಹಸು ಪಾತ್ರೆಯನ್ನೇ ಒದೆಯಿತು. ಮುನಿಯಮ್ಮ ಮೊಮ್ಮಗಳಿಗೆ ಫೋನ್ ಮಾಡಿ, ನಾನು ಎಣಿಸಿದ್ದನ್ನು ಹೇಳಿ, ಫೋನ್ ನನ್ನ ಕಿವಿಗಿಟ್ಟರು. “ತಾತಾ, ಕನ್ನಡ ಬ್ಯಾಡ! ಮೋಜಾ, ಎಂಬಿಲಿ ಅಂತ ಎಣ್ಸು” ಎಂದಳು. ಹಾಗೇ ಎಣಿಸಿದೆ. ಹಾಲು ಸುರಿಯಿತು.

ಶಿಬಿರ ಮುಗಿಯುವವರೆಗೂ ದಿನಕ್ಕೆರಡು ಹೊತ್ತು ನನಗೆ ಇದೇ ಕೆಲಸ. ತಂಡಕ್ಕೆ ಆಯ್ಕೆಯಾಗಿ ಬಂದ ಆಶಾ ನೇರ ಕೊಟ್ಟಿಗೆಗೆ ಹೋಗಿ ಚೆಂಡು ಕುಟ್ಟುತ್ತ ಸ್ವಾಹಿಲಿಯಲ್ಲೇ ಎಣಿಸಿದಳು. ಹಸು ಅವಳಿಗೂ ಒದೆಯಲು ಹೋಗಿ, ಕತ್ತು ಹೊರಳಿಸಿ ನನ್ನನ್ನು ಹುಡುಕಿತು. ಪಾಪ, ಹುಡುಗಿ ಅತ್ತೇಬಿಡುತ್ತಾಳೆ ಅಂದುಕೊಂಡೆ. “ಅಜ್ಜೀ, ಇನ್ನು ನಾನು ಎಲ್ಲಿಗೆ ಬೇಕಾದ್ರೂ ಓಗ್ಬೋದು!” ಎಂದು ಕುಣಿದಳು.

ಈಗ ಅವಳು ಊರೂರು ತಿರುಗಿ ಆಡುತ್ತಾಳೆ. ನಾನು ಮಾತ್ರ ಬಂಗಾರಪೇಟೆಯ ಮಗಳ ಮನೆಯಲ್ಲಿ ಒಂದು ದಿನವೂ ಉಳಿಯುವಂತಿಲ್ಲ.