ತೊಂಬತ್ತೇಳನೆಯವಳು

ಹೆಮ್ಮಾಡಿ ಸಮೀಪದ ಶಾಲೆಯೊಂದರಲ್ಲಿ ನಾನು ಡ್ರಿಲ್ ಮಾಸ್ತರ. ಸಾಲು ಸೊಟ್ಟಗಾದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ವರ್ಷ ಸ್ವಾತಂತ್ರ್ಯ ದಿನದ ಕವಾಯತಿಗೆ ತೊಂಬತ್ತಾರು ಮಕ್ಕಳಿದ್ದರು. ಎಂಟೆಂಟರ ಹನ್ನೆರಡು ಸಾಲು, ಕಣ್ಣಿಗೆ ಹಬ್ಬ. ಅಷ್ಟರಲ್ಲಿ ವಂಡ್ಸೆ ಕಡೆಯಿಂದ ಹುಡುಗಿಯೊಬ್ಬಳು ಹೊಸದಾಗಿ ಸೇರಿದಳು.

ಎಂಟರ ಸಾಲು ಮಾಡಿದರೆ ಕೊನೆಗೆ ಅವಳೊಬ್ಬಳು ಉಳಿದಳು. ಆರರದ್ದು ಮಾಡಿದೆ, ಉಳಿದಳು. ನಾಲ್ಕು, ಮೂರು, ಎರಡು, ಆಗಲೂ ಅವಳೇ. ಐದು, ಏಳು ಮಾಡಿದರೆ ಅವಳ ಜೊತೆಗೆ ಇನ್ನಷ್ಟು ಮಂದಿ ಉಳಿದರು. ಯಾರಿಗಾದರೂ ಜ್ವರ ಬರಬಾರದೇ ಎಂದೂ ಅಂದುಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಕಡೆಗೆ ಸೋತು, "ನೀನ್ ಬದಿಗ್ ಕೂಕೊ" ಎಂದೆ.

"ನಾ ಬಂದದ್ದಕ್ಕೇ ಹಾಳಾಯ್ತಾ ಸರ್?" ಎಂದಳು. ನನಗೆ ಎದೆ ಚುರುಕ್ ಎಂದಿತು.

ಜಗಲಿಯಲ್ಲಿ ನಿಂತು ನೋಡುತ್ತಿದ್ದ ಗಣಿತದ ಟೀಚರ್ ನಕ್ಕರು. "ನೀವ್ ಎಂತ ಮಾಡ್ರೂ ಆತಿಲ್ಲೆ ಸರ್. ತೊಂಬತ್ತೇಳ್ ಅವಿಭಾಜ್ಯ ಸಂಖ್ಯೆ. ಒಂದೇ ಸಾಲ್ ಮಾಡುಕ್ ಆತ್ತ್, ಅಷ್ಟೇ."

ನನಗೆ ಹಟ ಬಂತು. ಇಂಥ ತಂಟೆ ಇನ್ನೆಷ್ಟು ಮಕ್ಕಳು ಬಂದರೆ ಮತ್ತೆ ಎದುರಾಗುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಭಾಗಿಸುತ್ತ ಕೂತೆ. ನೂರಾ ಒಂದು, ನೂರಾ ಮೂರು. ನೂರಾ ಏಳು, ನೂರಾ ಒಂಬತ್ತು. ನೂರಾ ಹದಿಮೂರು. ಆಮೇಲೆ ನೂರಾ ಇಪ್ಪತ್ತೇಳರವರೆಗೆ ಒಂದೂ ಇಲ್ಲ! ಜೋಡಿಜೋಡಿಯಾಗಿ ಬಂದವು ಹೇಳದೆ ಕೇಳದೆ ಎಲ್ಲಿ ಹೋದವು? ದೂರ ಹೋದ ಹಾಗೆ ವಿರಳವಾಗುತ್ತವೆ, ಆದರೆ ಎಂದೂ ಮುಗಿಯುವುದಿಲ್ಲ ಎಂದರು ಟೀಚರ್. ಮುಂದಿನದು ಎಲ್ಲಿದೆ ಎಂದು ಸಲೀಸಾಗಿ ಹೇಳುವ ಸೂತ್ರ ಇವತ್ತಿಗೂ ಯಾರ ಕೈಗೂ ಸಿಕ್ಕಿಲ್ಲವಂತೆ. ಇಡೀ ಆಯುಷ್ಯ ಒಂದು, ಎರಡು ಎಂದು ಕೂಗಿಸುತ್ತ ಬಂದವನು ನಾನು. ಅದೇ ಅಂಕೆಗಳೊಳಗೆ ಯಾರ ಆಜ್ಞೆಗೂ ಬಗ್ಗದ ಇವು ಕೊನೆಯಿಲ್ಲದೆ ನಿಂತಿವೆ ಎಂದು ತಿಳಿದಾಗ ಮೈ ಜುಮ್ಮೆಂದಿತು. ಬೆಲ್ ಹೊಡೆದದ್ದೂ ಕೇಳಿಸಲಿಲ್ಲ.

ಸ್ವಾತಂತ್ರ್ಯ ದಿನ ತೊಂಬತ್ತೇಳು ಮಕ್ಕಳನ್ನೂ ಒಬ್ಬರ ಹಿಂದೊಬ್ಬರಂತೆ ಒಂದೇ ಸಾಲಿನಲ್ಲಿ ನಿಲ್ಲಿಸಿದೆ. ಧ್ವಜಕಂಬದಿಂದ ಮೈದಾನದ ತುದಿಯವರೆಗೆ ಸಾಲು, ಕೊನೆಯಲ್ಲಿ ಅವಳು. ವಂದನೆ ಮುಗಿದ ಮೇಲೆ ಎಲ್ಲರನ್ನೂ ಹಿಂದಕ್ಕೆ ತಿರುಗಿಸಿ ನಡೆಯಲು ಹೇಳಿದೆ. ಈಗ ಎಲ್ಲರಿಗಿಂತ ಮುಂದೆ ಇದ್ದವಳು ಅವಳೇ. ಅವಳು ಗಾಬರಿಯಿಂದ ನನ್ನತ್ತ ನೋಡಿ, "ಎಲ್ಲಿಗ್ ಹೋಪುದ್ ಸರ್?" ಎಂದಳು.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. "ನಿಂಗ್ ಕಂಡ್ ಬದಿಗ್ ಹೋಗ್ ಹೆಣ್ಣೇ" ಎಂದೆ.

ಅವಳು ಹೊರಟಳು. ತೊಂಬತ್ತಾರು ಮಂದಿ ಅವಳ ಹಿಂದೆ ನಡೆದರು.