ಅಕ್ಕ ಮುಂದಿನ ಸೀಟಿನಲ್ಲಿ

"ನಾ ಎಲ್ಲಿ ಕೂಡ್ಲೋ ತಮ್ಮಾ? ಇದಕ್ಕ ಹಿಂದಿನ ಸೀಟನ ಇಲ್ಲ."

ಹೋದ ಸೋಮವಾರ ಬೆಳಿಗ್ಗೆ ನನ್ನ ಅಕ್ಕ ನೀಲವ್ವ ನನ್ನ ಹೊಸ ಮೋಟಾರಿಗೆ ಒಂದು ಸುತ್ತು ಹಾಕಿ ಹೀಗೆ ಕೇಳಿದಳು. ಹೊಸದೆಂದರೆ ನನಗೆ ಹೊಸದು. ಸೊಲ್ಲಾಪುರದಲ್ಲಿದ್ದ ಬಿಳಿ ಸಾಹೇಬನೊಬ್ಬ ಮಹಾಯುದ್ಧ ಮುಗಿದು ತನ್ನ ದೇಶಕ್ಕೆ ಹೊರಡುವಾಗ ಮಾರಿಹೋದ ಸ್ಪೋರ್ಟ್ಸ್ ಕಾರು. ಎರಡೇ ಸೀಟು. ಮೇಲೆ ಅರಿವೆಯ ಟಾಪು, ಅದೂ ಮಡಚುವಂಥದ್ದು.

ಇದನ್ನು ಕೊಂಡಾಗಿನಿಂದ ವಿಜಾಪುರದ ಕೋರ್ಟಿನಲ್ಲಿ ನನಗೆ ನೆಮ್ಮದಿಯಿಲ್ಲ. ಸಂಸಾರಸ್ಥರು ಕೇಳುತ್ತಾರೆ: ನಾಲ್ಕು ಬಾಗಿಲಿನ ಸಾದಾ ಕಾರು ತರಬಾರದಿತ್ತೇ, ಹೆಂಡತಿ ಮಕ್ಕಳು ಕೂಡುತ್ತಿದ್ದರು? ಸಾವಕಾರರು ಕೇಳುತ್ತಾರೆ: ಇನ್ನಷ್ಟು ದಿನ ತಡೆದು ದೊಡ್ಡ ಕಾರನ್ನೇ ಕೊಳ್ಳಬಾರದಿತ್ತೇ, ವಕೀಲರಿಗೆ ಒಂದು ತೂಕ ಬರುತ್ತಿತ್ತು? ಸಾದಾ ಕಾರಿಗಿಂತ ತುಸು ತುಟ್ಟಿ, ದೊಡ್ಡ ಕಾರಿಗಿಂತ ಬಹಳ ಅಗ್ಗ. ಎರಡೂ ಕಡೆ ಸಲ್ಲದ ವಸ್ತು. ಓಡಿಸುವಾಗ ಖುಷಿಯಾಗುತ್ತದೆ ಎಂದರೆ ಯಾರು ಒಪ್ಪುತ್ತಾರೆ? (ಮನೆಯವಳಂತೂ ಒಪ್ಪಿಲ್ಲ. ರೇಶನ್ನಿನ ಪೆಟ್ರೋಲ್ ಕೂಪನ್ ಸಿಗದಿದ್ದ ದಿನ ಆಕೆಗೆ ಹಬ್ಬ.)

ಅಕ್ಕನಿಗೆ ಅಂದು ಬಬಲೇಶ್ವರಕ್ಕೆ, ತನ್ನ ಗಂಡನ ಮನೆಗೆ ಹೋಗಬೇಕಿತ್ತು. ಗಂಡ ತೀರಿಹೋಗಿ ಹನ್ನೆರಡು ವರ್ಷ. ಮಕ್ಕಳಿಲ್ಲ. ನಮ್ಮ ಮನೆಯಲ್ಲೇ ಇದ್ದಾಳೆ. ಆಕೆಯ ಭಾವ, ಗಂಡನ ಅಣ್ಣ ಶಿವಲಿಂಗಪ್ಪನವರು ಪ್ರತಿ ಸುಗ್ಗಿಗೆ ಆಕೆಯ ಪಾಲೆಂದು ಜೋಳದ ಚೀಲ ಕಳಿಸುತ್ತಾರೆ. ಆದರೆ ಅಕ್ಕನಿಗೆ ಈಗ ಜೋಳ ಬೇಡ, ಹೊಲ ಬೇಕು. ಗಂಡನ ಪಾಲಿನ ಬಾವಿ ಹೊಲವನ್ನು ತಾನೇ ಮಾಡಿಸಬೇಕು. ಅಂದು ಆ ಮಾತಿಗೆ ಹಿರಿಯರು ಕೂಡುವವರಿದ್ದರು.

ಹಿಂದೆಯೂ ಇಂಥ ಮಾತಿಗೆ ಆಕೆ ಹೋಗಿದ್ದುಂಟು. ಕಮಾನು ಕಟ್ಟಿದ ಬಂಡಿಯಲ್ಲಿ ಹಿಂದೆ ಕುಳಿತು ಹೋಗಿ, ಹಿತ್ತಲ ಬಾಗಿಲಿನಿಂದ ಒಳಗೆ ಸೇರಿ, ಬಾಗಿಲ ಮರೆಯಲ್ಲಿ ಕೂತು, ಗಂಡಸರು ಆಡಿದ್ದನ್ನು ಕೇಳಿಸಿಕೊಂಡು ಬರುತ್ತಿದ್ದಳು.

"ಮುಂದ ಕೂಡು, ನನ್ನ ಬಾಜೂಕ," ಎಂದೆ.

"ಮಂದಿ ಏನಂದಾರು?"

"ಏನರ ಅನ್ಲಿ. ಅವರ ಮಾತ ಮುಗಿಯೂದ್ರಾಗ ನಾವು ಊರ ದಾಟಿರ್ತೀವಿ."

ಸೆರಗು ಬಿಗಿಯಾಗಿ ಸುತ್ತಿಕೊಂಡು ಹತ್ತಿದಳು.

ಊರು ದಾಟಿತು. ಎರಡೂ ಕಡೆ ಹರಗಿ ಬಿಟ್ಟ ಎರೆಹೊಲ. ಅರ್ಧ ದಾರಿಯವರೆಗೆ ಅಕ್ಕ ಬಾಗಿಲು ಗಟ್ಟಿಯಾಗಿ ಹಿಡಿದಿದ್ದಳು. ಆಮೇಲೆ ಕೈ ಬಿಟ್ಟಳು.

"ಈ ದಾರಿ ಮುಂದ ಕುಂತು ನೋಡಾಕತ್ತಿದ್ದು ಇದ ಮೊದಲ ಸಲ," ಎಂದಳು. ಮುಂದಕ್ಕೆ ಬಾಗಿ, "ಒಂದೀಟು ಜೋರ ಬಿಡು."

ನನಗೆ ಆಗ ಹೊಳೆಯಿತು. ಸಾದಾ ಕಾರಿನಲ್ಲಿ ಹೆಂಗಸರು ಪರದೆ ಕಟ್ಟಿಕೊಂಡು ಹಿಂದೆ. ದೊಡ್ಡ ಕಾರಿನಲ್ಲಿ ಮಾಲೀಕನೇ ಹಿಂದೆ. ಈ ನಡುವಿನ ಕಾರಿನಲ್ಲಿ ಮುಂದೆ ಕೂಡದೆ ಗತ್ಯಂತರವಿಲ್ಲ!

ಬಬಲೇಶ್ವರದಲ್ಲಿ ನಾನು ರೂಢಿಯಂತೆ ಹಿತ್ತಲ ಓಣಿಗೆ ತಿರುಗಿಸಲು ಹೋದೆ. "ಇಲ್ಲೇ ನಿಲ್ಲಸು," ಎಂದಳು. ಮುಂಬಾಗಿಲಲ್ಲೇ ಇಳಿದಳು. ಹಿರಿಯರು ಕುಳಿತಿದ್ದ ಪಡಸಾಲೆಯಲ್ಲೇ ಒಂದು ಕಂಬಕ್ಕೆ ಒರಗಿ ಕುಳಿತಳು. ನಾನು ವಕೀಲನಲ್ಲವೇ, ಬಾಯಿ ತೆರೆದೆ.

"ನೀ ಸುಮ್ನಿರು ತಮ್ಮಾ," ಎಂದು ಭಾವನತ್ತ ತಿರುಗಿದಳು. "ಭಾವಾರ, ಜ್ವಾಳ ಕಳಸೂದ್ರಾಗ ನೀವು ಎಂದೂ ತಪ್ಪಿಲ್ಲ. ಆದರ ನನಗ ಬಾವಿ ಹೊಲ ಬೇಕ್ರಿ. ಕೈಕಾಲು ಇನ್ನೂ ಗಟ್ಟಿ ಅದಾವ."

ಶಿವಲಿಂಗಪ್ಪನವರು ಆಕೆಯತ್ತ ತಿರುಗಿ ಕುಳಿತರು. "ಇಷ್ಟ ವರ್ಷ ಯಾಕ ಕೇಳಲಿಲ್ಲವ್ವಾ?"

"ಕೇಳೀನ್ರಿ. ಬಾಗಲಾ ಮರಿಗೆ ಕುಂತು ಕೇಳಿದ್ದು ನಿಮಗ ಕೇಳಸಿಲ್ಲ."

ಯಾರೋ ಕೆಮ್ಮಿದರು. ಭಾವನ ಮುಖ ಬಿಗಿದುಕೊಂಡಿತು; ಮಾತು ಮುರಿಯಿತೆಂದೇ ನಾನು ಅಂದುಕೊಂಡೆ. ಕೊನೆಗೆ ಅವರೇ ಹೇಳಿದರು: "ಹೊಲ ನಿಂದು. ಬಾವಿ ನೀರು ಮಾತ್ರ ಪಾಳಿ ಮ್ಯಾಲ ತಗೊಳ್ಳೋಣು."

"ಆತ್ರಿ."

ನನಗೆ ಉಳಿದದ್ದು ಕಾಗದ ಬರೆಯುವ ಕೆಲಸ. ಇದೆಲ್ಲ ನನ್ನ ಮೋಟಾರಿನ ಪ್ರತಾಪವೆಂದರೆ ಸುಳ್ಳು ಸಾಕ್ಷಿಯಾಗುತ್ತದೆ. ಧೈರ್ಯ ಆಕೆಯದೇ, ಎಷ್ಟು ವರ್ಷದಿಂದ ಕೂಡಿಟ್ಟದ್ದೋ.

ಮರಳುವಾಗ ಅಕ್ಕ ಹೊಲಗಳತ್ತಲೇ ನೋಡುತ್ತಿದ್ದಳು. ಆಮೇಲೆ ಕೇಳಿದಳು: "ಈ ಸಲ ಬಿಳಿಜ್ವಾಳ ಬಿತ್ತಸ್ಲೋ, ಕಡ್ಲಿ ಬಿತ್ತಸ್ಲೋ?"

ಉತ್ತರ ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ತನ್ನ ಹೊಲದ ಮಾತೆಂದು ಹಾಗೆ ಕೇಳುವ ಸರದಿ ಆಕೆಗೆ ಬಂದದ್ದು ಅವತ್ತೇ ಅಲ್ಲವೇ?